ಗೋಕಾಗೆಗೆ ದಂಡು ತಂದ ಅಕ್ಕಾದೇವಿ

1047ರಲ್ಲಿ ಗೋಕಾಕದ ಕೋಟೆಯನ್ನು ಒಂದು ಚಾಳುಕ್ಯ ದಂಡು ಸುತ್ತುಗಟ್ಟಿ ಕೂತಿತ್ತು. ಅದನ್ನು ನಡೆಸಿಕೊಂಡು ಬಂದಿದ್ದವಳು ಅಕ್ಕಾದೇವಿ, ಕಲ್ಯಾಣದ ಅರಸ ಒಂದನೆಯ ಸೋಮೇಶ್ವರನ ಸೋದರತ್ತೆ. ಶಕವರ್ಷ 969ರ ಶಾಸನದಲ್ಲಿ ಊರಿನ ಹೆಸರು ‘ಗೋಕಾಗೆ’ ಎಂದಿದೆ. ಆ ಶಾಸನ ಸಿಕ್ಕಿದ್ದು ಗೋಕಾಕದಲ್ಲಲ್ಲ, ಪೂರ್ವಕ್ಕೆ ದೂರದ ಹುನಗುಂದ ಸೀಮೆಯ ಅರಸಿಬೀದಿಯಲ್ಲಿ. ಅದು ಯುದ್ಧದ ವರದಿಯೂ ಅಲ್ಲ. ಒಂದು ಜೈನ ಬಸದಿಗೆ ಕೊಟ್ಟ ದತ್ತಿಯ ದಾಖಲೆ. ದತ್ತಿ ಕೊಡುವಾಗ ಅರಸಿ ಎಲ್ಲಿದ್ದಳು ಎಂದು ಬರೆಯುವುದು ಶಾಸನದ ವಾಡಿಕೆ. ಹಾಗಾಗಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಎಂಬ ಮಾತು ಅದರಲ್ಲಿ ಸೇರಿಕೊಂಡಿತು. ಶಾಸನ ಬರೆದವನಿಗೆ ಅದೊಂದು ವಿಶೇಷವೆಂದು ಅನ್ನಿಸಿದಂತೆಯೇ ಕಾಣುವುದಿಲ್ಲ.

ಬೆಳಗಾವಿಯಿಂದ ಗೋಕಾಕಕ್ಕೆ ಹೋಗುವ ದಾರಿಯ ಅಂಕಲಗಿಯಲ್ಲಿ ನಿಂತು ರಾಣಿಯರ ಮಾತು ತೆಗೆದರೆ ಮೊದಲು ಬರುವ ಹೆಸರು ಚೆನ್ನಮ್ಮನದು. ಅದು ಸಹಜವೇ. ಆಕೆಯ ತವರು ಕಾಕತಿ ಇದೇ ನಾಡಿನದು, ಕಿತ್ತೂರೂ ದೂರವಿಲ್ಲ. ಎರಡನೆಯ ಹೆಸರು ಬೆಳವಡಿ ಮಲ್ಲಮ್ಮನದು. ಇಬ್ಬರ ಲಾವಣಿ ಇದೆ, ನಾಟಕ ಇದೆ, ಪ್ರತಿಮೆ ಇದೆ. ಕಿತ್ತೂರಿನ ಬಂಡಾಯಕ್ಕಿಂತ 777 ವರ್ಷ ಮೊದಲೇ ಘಟಪ್ರಭೆಯ ದಂಡೆಗೆ ಪಡೆ ತಂದ ಹೆಂಗಸಿನ ಕಥೆ ಮಾತ್ರ ಶಾಸನ ಓದುವವರ ಕೈಯಲ್ಲೇ ಉಳಿಯಿತು.

ಅಕ್ಕಾದೇವಿ ಹುಟ್ಟಿದ ಮನೆತನ ಆಗಿನ್ನೂ ಹೊಸ ಗದ್ದುಗೆಯ ಮನೆತನ. ಆಕೆಯ ಅಜ್ಜ ಎರಡನೆಯ ತೈಲಪ 973ರಲ್ಲಿ ರಾಷ್ಟ್ರಕೂಟರನ್ನು ಕೆಳಗಿಳಿಸಿ ಚಾಳುಕ್ಯರ ಹೆಸರನ್ನು ಮತ್ತೆ ಎತ್ತಿದವನು. ದೊಡ್ಡಪ್ಪ ಸತ್ಯಾಶ್ರಯ ಇರಿವಬೆಡಂಗ. ತಂದೆ ದಶವರ್ಮ, ತಾಯಿ ಭಾಗಲದೇವಿ. ತಂದೆಗೆ ಪಟ್ಟ ಸಿಗಲಿಲ್ಲ, ಅಣ್ಣತಮ್ಮಂದಿರಿಗೆ ಸಿಕ್ಕಿತು. 1008ರಲ್ಲಿ ಐದನೆಯ ವಿಕ್ರಮಾದಿತ್ಯ, 1015ರಲ್ಲಿ ಎರಡನೆಯ ಜಯಸಿಂಹ. ಜಯಸಿಂಹನ ಮಗ ಸೋಮೇಶ್ವರ 1042ರ ಸುಮಾರಿಗೆ ಅರಸನಾದ.

ಗದ್ದುಗೆ ಹೊಸದು, ಎದುರಾಳಿ ಬಲಿಷ್ಠ. ತಂಜಾವೂರಿನ ಚೋಳರು ತುಂಗಭದ್ರೆ ದಾಟಿ ನುಗ್ಗುವುದು ಆ ಕಾಲದ ರೂಢಿಯೇ ಆಗಿಬಿಟ್ಟಿತ್ತು. ಶಿಗ್ಗಾಂವಿ ಸೀಮೆಯ ಹೊಟ್ಟೂರಿನ 1007ರ ಶಾಸನ ಹೇಳುವಂತೆ ಚೋಳ ಪಡೆ ಒಂಬತ್ತು ಲಕ್ಷದ್ದು. ಅದು ನಾಡನ್ನು ಸುಲಿದು, ಹೆಂಗಸರು ಮಕ್ಕಳೆನ್ನದೆ ಹಿಂಸಿಸಿತು. ಲೆಕ್ಕವನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಹಾಗೆ ಬರೆಸಿದವರ ಭಯ ಸುಳ್ಳಲ್ಲ. ಅಕ್ಕಾದೇವಿ ಬೆಳೆದದ್ದು ಈ ಸುದ್ದಿಗಳ ನಡುವೆ.

ಹೊಟ್ಟೂರಿನ ಆ ಶಾಸನವಾದ ಮೂರೇ ವರ್ಷಕ್ಕೆ, 1010ರಲ್ಲಿ, ಆಕೆಯ ಹೆಸರು ಸೂಡಿಯ ಕಲ್ಲಿನ ಮೇಲೆ ಕಾಣಿಸುತ್ತದೆ. ಗಜೇಂದ್ರಗಡದ ಬಳಿಯ ಸೂಡಿ ಈಗ ಜೋಡುಕಳಸದ ಗುಡಿ ಮತ್ತು ನಾಗಕುಂಡದ ಕೊಳದಿಂದ ಹೆಸರಾದ ಊರು. ಆಗ ಅದು ಕಿಸುಕಾಡು 70 ಎಂಬ ನಾಡಿನ ಮುಖ್ಯ ಪಟ್ಟಣ. ಪಟ್ಟದಕಲ್ಲಿನ ಸುತ್ತಲಿನ ಸೀಮೆಯೂ ಈ ನಾಡಿಗೇ ಸೇರಿದ್ದು. ಅದನ್ನು ಆಳುತ್ತಿದ್ದವಳು ಅರಸನ ತಂಗಿ ಅಕ್ಕಾದೇವಿ.

ಈ 70, 300, 12000 ಎಂಬ ಅಂಕಿಗಳ ಬಗ್ಗೆ ವಿದ್ವಾಂಸರ ಜಗಳ ಹಳೆಯದು. ಹಳ್ಳಿಗಳ ಲೆಕ್ಕ ಎನ್ನುವವರು ಒಂದು ಕಡೆ, ಕಂದಾಯದ ಲೆಕ್ಕ ಎನ್ನುವವರು ಇನ್ನೊಂದು ಕಡೆ. ಬನವಾಸಿ 12000ವನ್ನು ಹಳ್ಳಿಗಳೆಂದು ಎಣಿಸಹೊರಟರೆ ಮಲೆನಾಡು ಸಾಲದು. ಕಿಸುಕಾಡು 70 ಮಾತ್ರ ಹಳ್ಳಿಗಳ ಲೆಕ್ಕವೇ ಇದ್ದಿರಬಹುದು. ಏನೇ ಇರಲಿ, ಅದು ಉಡುಗೊರೆಯಾಗಿ ಕೊಟ್ಟ ಉಂಬಳಿಯಷ್ಟೇ ಆಗಿರಲಿಲ್ಲ. ಆಕೆಯ ಕೈಕೆಳಗೆ ಪೆರ್ಗಡೆಗಳಿದ್ದರು. ಊರಿನ ಮಹಾಜನರ, ಸೆಟ್ಟಿಗಳ ಜೊತೆಗಿನ ವ್ಯವಹಾರ ಆಕೆಯ ಹೆಸರಿನಲ್ಲಿ ನಡೆಯುತ್ತಿತ್ತು. ಭೂಮಿ ದಾನ ಕೊಡುವ, ಆದಾಯ ಬಿಟ್ಟುಕೊಡುವ ಅಧಿಕಾರವೂ ಆಕೆಗಿತ್ತು. ಸೀಮೆಯಲ್ಲಿ ದಂಡನಾಯಕನೊಬ್ಬ ಮಾಡುವ ಕೆಲಸಗಳನ್ನೇ ಆಕೆ ಮಾಡುತ್ತಿದ್ದಳು, ಆತನಿಗಿಂತ ಮೇಲಿನ ಸ್ಥಾನದಲ್ಲಿದ್ದು.

ಶಾಸನಗಳು ಆಕೆಯನ್ನು ‘ಗುಣದ ಬೆಡಂಗಿ’ ಎನ್ನುತ್ತವೆ. ಕಾಳಗದಲ್ಲಿ ವೈರಿ ಅರಸರ ಪಾಲಿಗೆ ಭೈರವಿ ಎಂದೂ ಹೊಗಳುತ್ತವೆ. ಬಿರುದುಗಳ ಕಾಲದಲ್ಲಿ ಬಿರುದಿಗೆ ಬರವಿರಲಿಲ್ಲ, ಒಂದೂರಿನ ಮನ್ನೆಯನಿಗೂ ಹತ್ತು ಬಿರುದು. ಆದರೆ ಇವಳ ಮಟ್ಟಿಗೆ ಭೈರವಿಯ ಹೋಲಿಕೆ ಬರಿಯ ಅಲಂಕಾರವಾಗಿ ಉಳಿಯಲಿಲ್ಲ. ಮುಂದೆ ಗೋಕಾಗೆಯಲ್ಲಿ ಅದಕ್ಕೆ ಆಧಾರ ಸಿಗುತ್ತದೆ.

ಬಾದಾಮಿ ಸೀಮೆಯ ಬೇಲೂರಿನಲ್ಲಿ ಸಿಕ್ಕ 1022ರ ಶಾಸನ ಆಕೆಯ ಇನ್ನೊಂದು ಮುಖ ತೋರಿಸುತ್ತದೆ. ಅಲ್ಲಿನ ತ್ರೈಪುರುಷ ದೇವಾಲಯಕ್ಕೆ, ಎಂದರೆ ಬ್ರಹ್ಮ ವಿಷ್ಣು ಮಹೇಶ್ವರರ ಗುಡಿಗೆ, ಆಕೆ ದತ್ತಿ ಕೊಟ್ಟಳು. ಜಿನ, ಬುದ್ಧ, ಅನಂತ, ರುದ್ರ ಈ ನಾಲ್ವರ ಧರ್ಮವಿಧಿಗಳನ್ನೂ ಆಕೆ ಆಚರಿಸಿದವಳು ಎಂದು ಆ ಶಾಸನ ಬರೆಯುತ್ತದೆ. ಆಗ ಜಯಸಿಂಹನ ಆಳಿಕೆ. ರಾಜೇಂದ್ರ ಚೋಳನೊಡನೆ ಮಸ್ಕಿಯ ಹತ್ತಿರ ದೊಡ್ಡ ಕದನ ನಡೆದು ಹೆಚ್ಚು ದಿನವಾಗಿರಲಿಲ್ಲ. ನಾಲ್ಕೂ ಮತದವರನ್ನು ಜೊತೆಗಿಟ್ಟುಕೊಳ್ಳುವುದರಲ್ಲಿ ಭಕ್ತಿಯೊಂದಿಗೆ ಜಾಣ್ಮೆಯೂ ಇದ್ದೀತು. ಹಣ ಇದ್ದದ್ದು ಜೈನ ವರ್ತಕರ ಬಳಿ, ಬರವಣಿಗೆ ಅಗ್ರಹಾರದ ಬ್ರಾಹ್ಮಣರ ಬಳಿ, ಮಠಗಳು ಕಾಳಾಮುಖ ಯತಿಗಳ ಕೈಯಲ್ಲಿ. ಗಡಿಯಲ್ಲಿ ಯುದ್ಧ ಇರುವಾಗ ಇವರಲ್ಲಿ ಯಾರನ್ನೂ ದೂರ ಮಾಡಿಕೊಂಡು ನಾಡನ್ನು ಆಳಲು ಆಗುತ್ತಿರಲಿಲ್ಲ.

ಆಕೆಯ ಗಂಡ ಯಾರು? ಹಾನಗಲ್ಲ ಕದಂಬರ ಮಯೂರವರ್ಮನ ಜೊತೆ ಆಕೆಯ ಹೆಸರು 1030ರ ದಶಕದಲ್ಲಿ ಬನವಾಸಿ, ಹಾನಗಲ್ಲ ಸೀಮೆಯ ಆಡಳಿತದಲ್ಲಿ ಬರುತ್ತದೆ. ತೋಯಿಮದೇವನೆಂಬ ಕದಂಬ ಅರಸ ಆಕೆಯ ಮಗನೆಂದು ಹೇಳಿಕೊಂಡದ್ದೂ ಇದೆ. ಶಾಸನತಜ್ಞ ಜೆ. ಎಫ್. ಫ್ಲೀಟ್‌ನಿಂದ ಹಿಡಿದು ಈಚಿನವರೆಗೆ ಹೆಚ್ಚಿನವರು ಆಕೆ ಕದಂಬರ ಸೊಸೆಯೆಂದೇ ಒಪ್ಪಿದ್ದಾರೆ, ಗಂಡನನ್ನು ಗುರುತಿಸುವುದರಲ್ಲಿ ಮಾತ್ರ ಎಲ್ಲರ ಖಚಿತತೆ ಒಂದೇ ಅಲ್ಲ. ಕುತೂಹಲದ ಸಂಗತಿ ಬೇರೆ ಇದೆ. ನಾಲ್ಕು ದಶಕಗಳ ಶಾಸನಗಳಲ್ಲಿ ಆಕೆಗೆ ಮರ್ಯಾದೆ ತಂದದ್ದು ಗಂಡನ ಮನೆಯಲ್ಲ, ತವರು. ಮೊದಲು ಅಣ್ಣನ ತಂಗಿ, ಆಮೇಲೆ ಜಯಸಿಂಹನ ಒಡಹುಟ್ಟಿದವಳು, ಕೊನೆಗೆ ಸೋಮೇಶ್ವರನ ಅತ್ತೆ. ಪಟ್ಟದ ಮೇಲೆ ಕೂತವರು ಬದಲಾದರು, ಕಿಸುಕಾಡು ಮಾತ್ರ ಆಕೆಯದೇ ಆಗಿತ್ತು. ಅದರ ಜೊತೆಗೆ ಮಾಸವಾಡಿ 140ರಂಥ ನಾಡುಗಳೂ ಸೇರಿದವು.

ಸೋಮೇಶ್ವರ ಪಟ್ಟಕ್ಕೆ ಬಂದ ಸ್ವಲ್ಪ ಕಾಲಕ್ಕೇ ಚೋಳರ ಸಿಂಹಾಸನ ರಾಜೇಂದ್ರನ ಮಗ ರಾಜಾಧಿರಾಜನದಾಯಿತು. 1045ರ ಸುಮಾರಿಗೆ ಆತ ಚಾಳುಕ್ಯರ ರಾಜಧಾನಿ ಕಲ್ಯಾಣವನ್ನೇ ಸುಟ್ಟು, ಅಲ್ಲಿಂದ ಒಂದು ದ್ವಾರಪಾಲಕನ ವಿಗ್ರಹವನ್ನು ಗೆಲುವಿನ ಗುರುತಾಗಿ ಹೊತ್ತೊಯ್ದ. ಅದರ ಪೀಠದ ಮೇಲೆ ಕಲ್ಯಾಣಪುರವನ್ನು ಸುಟ್ಟು ತಂದದ್ದೆಂದು ತಮಿಳಿನಲ್ಲಿ ಕೆತ್ತಿಸಿದ. ರಾಜಧಾನಿ ಸುಟ್ಟ ಸುದ್ದಿ ಸಾಮಂತರ ಕಿವಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಕಪ್ಪ ತಡವಾಗುತ್ತದೆ, ಕೋಟೆಯ ಬಾಗಿಲು ಮುಚ್ಚುತ್ತದೆ.

ಗೋಕಾಗೆಯ ಮುತ್ತಿಗೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡುವುದೇ ಸರಿ. ಕೋಟೆಯೊಳಗೆ ಕೂತವರು ಯಾರೆಂಬುದು ಇತಿಹಾಸಕಾರರ ಊಹೆಗೆ ಬಿಟ್ಟ ವಿಷಯ. ಚೋಳರ ದಾಳಿಯ ಗೊಂದಲದಲ್ಲಿ ತಲೆಯೆತ್ತಿದ ಸ್ಥಳೀಯ ಸಾಮಂತ ಎಂಬ ಊಹೆ ಹೆಚ್ಚು ಒಪ್ಪಿಗೆಯಾಗುವಂಥದ್ದು, ಏಕೆಂದರೆ ಚೋಳ ಪಡೆಗಳ ಸಾಮಾನ್ಯ ದಾರಿ ಇದಲ್ಲ. ಸ್ಥಳವನ್ನು ನೋಡಿದರೆ ಅದನ್ನು ಹಿಡಿಯಲು ಇಷ್ಟು ಹಟ ಯಾಕೆ ಎಂಬುದು ಅರ್ಥವಾಗುತ್ತದೆ. ಘಟಪ್ರಭೆ ಸಹ್ಯಾದ್ರಿಯಿಂದ ಇಳಿದು ಬಂದು, ಗೋಕಾಕಕ್ಕೆ ಮೊದಲು ಸುಮಾರು 52 ಮೀಟರ್ ಆಳಕ್ಕೆ ಧುಮ್ಮಿಕ್ಕಿ, ಬಂಡೆಗಳ ಕಣಿವೆಯಿಂದ ಹೊರಬಿದ್ದು ಬಯಲಿಗೆ ಸೇರುವುದು ಇಲ್ಲಿಯೇ. ಜಲಪಾತದ ದಂಡೆಯಲ್ಲಿ ಚಾಳುಕ್ಯ ಶೈಲಿಯ ಗುಡಿಗಳು ಈಗಲೂ ಇವೆ. ಊರಿನ ಮೇಲಿನ ಗುಡ್ಡ ಹಿಡಿದವನಿಗೆ ಕೊಂಕಣದ ಘಟ್ಟದ ಕಡೆಯಿಂದ ಪೂರ್ವದ ಎರೆಭೂಮಿಗೆ ಬರುವ ದಾರಿಯ ಮೇಲೆ ಕಣ್ಣಿಡಬಹುದು. ಅಕ್ಕಾದೇವಿಯ ಸೀಮೆ ಇದ್ದದ್ದು ಇದೇ ಹೊಳೆಯ ಕೆಳದಂಡೆಯತ್ತ, ಬಾಗಲಕೋಟೆ ಬಾದಾಮಿಗಳ ಕಡೆ. ಮೇಲಿನ ಕೋಟೆ ಕೈತಪ್ಪಿದರೆ ಕೆಳಗಿನ ನಾಡಿಗೆ ನೆಮ್ಮದಿ ಇಲ್ಲ.

1010ರಲ್ಲಿ ನಾಡನ್ನು ಆಳುವ ವಯಸ್ಸಿನವಳಾಗಿದ್ದ ಆಕೆಗೆ ಈಗ ಐವತ್ತು ದಾಟಿದ್ದಿರಬೇಕು. ಕುದುರೆಯ ಮೇಲೆ ಕೂತು ಕತ್ತಿ ಝಳಪಿಸಿದಳೋ ಇಲ್ಲವೋ, ಚಿತ್ರ ಬರೆಯುವವರು ಹಾಗೇ ಬರೆಯುತ್ತಾರೆ. ಮುತ್ತಿಗೆಯ ಕೆಲಸ ಬೇರೆ ಬಗೆಯದು. ಆನೆ ಕುದುರೆಗಳಿಗೆ ಮೇವು, ಪಡೆಗೆ ಕೂಳು, ಬೀಡಿನಲ್ಲಿ ಶಿಸ್ತು, ಒಳಗಿನವರ ಧಾನ್ಯ ಮುಗಿಯುವ ತನಕ ಕಾಯುವ ಸೈರಣೆ. ಮೂವತ್ತೇಳು ವರ್ಷ ನಾಡನ್ನು ನಡೆಸಿದವಳಿಗೆ ಹೊಂದುವ ಯುದ್ಧ ಇದು. ನಡುವೆ ವಿಕ್ರಮಪುರದ ಬಸದಿಯ ದತ್ತಿಗೂ ಆಕೆಗೆ ಸಮಯವಿತ್ತು. ಆ ಬಸದಿಗೆ ಆಕೆಯ ಬಿರುದೇ ಹೆಸರು.

ವಿಕ್ರಮಪುರ ಎಂದರೆ ಇಂದಿನ ಅರಸಿಬೀದಿ. ಊರನ್ನು ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯ ಎಂಬ ಮಾತು ಹಳೆಯ ಗ್ಯಾಸೆಟಿಯರುಗಳಿಂದ ಹಿಡಿದು ಅನೇಕ ಕಡೆ ಬಂದಿದೆ. ಆತ ಪಟ್ಟಕ್ಕೆ ಬಂದದ್ದು 1076ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲೇ ಆ ಹೆಸರಿನ ಊರಿನಲ್ಲಿ ಅಕ್ಕಾದೇವಿಯ ನೆಲೆವೀಡು ಇತ್ತೆಂದ ಮೇಲೆ, ಆ ಹೆಸರಿನ ಹಿಂದೆ ಆಕೆಯ ಅಣ್ಣ ಐದನೆಯ ವಿಕ್ರಮಾದಿತ್ಯನಿದ್ದಾನೆ ಎನ್ನುವುದೇ ಹೆಚ್ಚು ಸಮಂಜಸ. ಹೆಸರಾಂತ ಅರಸನಿಗೆ ಎಲ್ಲವನ್ನೂ ಬರೆದುಕೊಟ್ಟುಬಿಡುವ ಅಭ್ಯಾಸಕ್ಕೆ ಇದೊಂದು ಉದಾಹರಣೆ.

ಮುತ್ತಿಗೆಯ ಮರುವರ್ಷ, 1048ರಲ್ಲಿ, ಸವದತ್ತಿಯ ಶಾಸನದಲ್ಲಿ ರಟ್ಟ ಮನೆತನದ ಅಂಕನು ಸೋಮೇಶ್ವರನ ಅಧೀನದ ಸಾಮಂತನಾಗಿ ಕಾಣಿಸುತ್ತಾನೆ. ಈ ಭಾಗವನ್ನೆಲ್ಲ ಒಳಗೊಂಡ ಕೂಂಡಿ 3000 ರಟ್ಟರ ನಾಡು. ಎಂದರೆ 1048ರ ಹೊತ್ತಿಗೆ ಕಲ್ಯಾಣದ ಮಾತು ಇಲ್ಲಿ ಮತ್ತೆ ನಡೆಯುತ್ತಿತ್ತು. ಗೋಕಾಗೆಯ ಮುತ್ತಿಗೆಗೂ ಇದಕ್ಕೂ ಇರುವ ನಂಟನ್ನು ಯಾವ ಶಾಸನವೂ ಬಾಯಿಬಿಟ್ಟು ಹೇಳುವುದಿಲ್ಲ. ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೊಳೆಯುವ ನಂಟು ಅದು.

ಅಕ್ಕಾದೇವಿಯ ದೊಡ್ಡ ಕೆಲಸ ಮುತ್ತಿಗೆಯೇ ಎಂದು ಹೇಳಲಾಗದು. 1050ರ ಸುಮಾರಿಗೆ ಸೂಡಿಯಲ್ಲಿ ನಡೆದದ್ದನ್ನು ಅದರ ಪಕ್ಕದಲ್ಲೇ ಇಡಬೇಕು. ಚೋಳರೊಡನೆ ನಡೆದ ಯುದ್ಧದ ಏಟಿಗೆ ಸೂಡಿಯ ಎಂಟು ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಹಳೆಯ ಕಟ್ಟಳೆ ಅರ್ಧ ಮುರಿದುಬಿದ್ದಿತ್ತು. ಯಾರು ಯಾವ ತೆರಿಗೆ ಕೊಡಬೇಕು, ಯಾರಿಗೆ ಯಾವ ಹಕ್ಕು, ಊರಿನ ಕೂಟ ಯಾವುದನ್ನು ತೀರ್ಮಾನಿಸಬಹುದು ಎಂಬ ಬಗೆಯ ಒಪ್ಪಂದಗಳು ಯುದ್ಧಕಾಲದಲ್ಲಿ ಮೊದಲು ಕೆಡುತ್ತವೆ. ಅಕ್ಕಾದೇವಿ ವಿಕ್ರಮಪುರದ ನೆಲೆವೀಡಿನಲ್ಲಿದ್ದಾಗ ಆಕೆಯ ಅಧಿಕಾರಿಗಳು ಸಭೆ ಸೇರಿ ಆ ಕಟ್ಟಳೆಯನ್ನು ಹೊಸದಾಗಿ ಸ್ಥಿರಪಡಿಸಿದರು. ಪ್ರಾಚೀನ ಭಾರತದ ಊರ ಆಡಳಿತ, ವರ್ತಕ ಸಂಘಗಳ ಬಗ್ಗೆ ಬರೆದ ವಿದ್ವಾಂಸರು ಈ ಶಾಸನವನ್ನು ಮತ್ತೆ ಮತ್ತೆ ಎತ್ತಿದ್ದಾರೆ, ಅದರ ಹಿಂದಿದ್ದ ಅರಸಿಯ ಹೆಸರನ್ನು ಅಷ್ಟು ಸಲ ಎತ್ತಿಲ್ಲ. ಸೂಡಿ ಬೇಗ ಚೇತರಿಸಿಕೊಂಡಿತು. 1060ರ ಹೊತ್ತಿಗೆ ದಂಡನಾಯಕ ನಾಗದೇವ ಅಲ್ಲಿ ನಾಗೇಶ್ವರ ಗುಡಿ ಕಟ್ಟಿಸಿದ್ದ. ಅಕ್ಕಾದೇವಿಯ ಹೆಸರಿನ ಅಕ್ಕೇಶ್ವರ ಗುಡಿಯೂ ಆ ಊರಿನಲ್ಲಿತ್ತು.

ಇದೇ ಶತಮಾನದಲ್ಲಿ ಭೂಮಿಯ ಇನ್ನೊಂದು ಅಂಚಿನ ಸ್ಪೇನಿನಲ್ಲೂ ಇಂಥ ಹೆಂಗಸರಿದ್ದರು. ಲಿಯೋನಿನ ಅರಸ ಒಂದನೆಯ ಫರ್ನಾಂಡೋ 1065ರಲ್ಲಿ ತೀರಿಕೊಂಡಾಗ ಮೂವರು ಗಂಡುಮಕ್ಕಳಿಗೆ ಮೂರು ರಾಜ್ಯ ಹಂಚಿದ. ಹಿರಿಯ ಮಗಳು ಉರ್ರಾಕಾಳಿಗೆ ಸಮೋರಾ, ಕಿರಿಯವಳು ಎಲ್ವೀರಾಳಿಗೆ ತೋರೋ ಎಂಬ ಪಟ್ಟಣಗಳು ಬಂದವೆಂಬುದು ಅಲ್ಲಿನ ವೃತ್ತಾಂತ. ಅರಮನೆಯ ಹೆಣ್ಣುಮಕ್ಕಳಿಗೆ ಕ್ರೈಸ್ತ ಮಠಗಳ ಆಸ್ತಿಯ ಒಡೆತನ ಕೊಡುವುದೂ ಆ ನಾಡಿನ ಪದ್ಧತಿ. ಷರತ್ತು ಒಂದೇ, ಮದುವೆಯಾಗಕೂಡದು. 1072ರಲ್ಲಿ ಉರ್ರಾಕಾಳ ತಮ್ಮ ಸಾಂಚೋ ಸಮೋರಾಕ್ಕೆ ಮುತ್ತಿಗೆ ಹಾಕಿದ, ಗೋಡೆಯ ಹೊರಗೇ ಕೊಲೆಯಾದ. ಗೋಡೆಯ ಒಳಗಿದ್ದವಳು ಉರ್ರಾಕಾ. ಆಕೆಯ ಅಚ್ಚುಮೆಚ್ಚಿನ ತಮ್ಮ ಅಲ್ಫೋನ್ಸೋನಿಗೆ ಪಟ್ಟವಾಯಿತು. ಆತನ ಮಗಳು, ಇನ್ನೊಬ್ಬ ಉರ್ರಾಕಾ, 1109ರಿಂದ 1126ರವರೆಗೆ ಸ್ವತಃ ರಾಣಿಯಾಗಿ ಆಳಿದಳು. ಅರಗಾನಿನ ಅರಸನಾಗಿದ್ದ ಗಂಡನ ಮೇಲೆಯೇ ಯುದ್ಧ ಮಾಡಿದಳು. ಅಲ್ಲಿ ಮಗಳು ಸಿಂಹಾಸನದ ತನಕ ಏರಬಹುದಿತ್ತು. ಚಾಳುಕ್ಯರಲ್ಲಿ ಅದು ಸಾಧ್ಯವಿರಲಿಲ್ಲ. ಆದರೆ ಇಲ್ಲಿ ಮದುವೆಯಾದ ಮಗಳೂ ತವರಿನ ನಾಡನ್ನು ಆಳುತ್ತ ಇರಬಹುದಿತ್ತು, ದಂಡನ್ನೂ ನಡೆಸಬಹುದಿತ್ತು. ಎರಡರಲ್ಲಿ ಯಾವುದು ಮೇಲು ಎಂದು ತೂಗಹೊರಟರೆ ಉತ್ತರ ಸುಲಭವಲ್ಲ.

ಅಕ್ಕಾದೇವಿ ಅಪವಾದವೂ ಆಗಿರಲಿಲ್ಲ. ಆಕೆ ಬದುಕಿದ್ದಾಗಲೇ ಸೋಮೇಶ್ವರನ ರಾಣಿ ಮೈಳಲದೇವಿ 1053ರಲ್ಲಿ ಬನವಾಸಿ 12000ವನ್ನು ಆಳುತ್ತಿದ್ದಳು. ಇನ್ನೊಬ್ಬ ರಾಣಿ ಕೇತಲದೇವಿಯ ಕೈಯಲ್ಲಿ 1054ರಲ್ಲಿ ಪೊನ್ನವಾಡ ಅಗ್ರಹಾರವಿತ್ತು, ಅದು ವಿಜಯಪುರ ಸೀಮೆಯ ಹೊನವಾಡ. ಅದೇ ವರ್ಷದಲ್ಲೇ ಕೊಪ್ಪಂನಲ್ಲಿ ರಾಜಾಧಿರಾಜ ಚೋಳ ಆನೆಯ ಮೇಲೆಯೇ ಸತ್ತ. ತಮ್ಮ ರಾಜೇಂದ್ರ ರಣರಂಗದಲ್ಲೇ ಪಟ್ಟ ಕಟ್ಟಿಕೊಂಡು ಸೋಲನ್ನು ಗೆಲುವಾಗಿ ತಿರುಗಿಸಿದನೆಂದು ಚೋಳ ಶಾಸನಗಳು ಹೇಳುತ್ತವೆ. ಆ ಕೊಪ್ಪಂ ಎಂದರೆ ಕೃಷ್ಣೆಯ ದಂಡೆಯ ಖಿದ್ರಾಪುರ ಎಂದು ಕೆಲವರು, ಕೊಪ್ಪಳ ಎಂದು ಕೆಲವರು. ಅರಸರು ಗಡಿಯಿಂದ ಗಡಿಗೆ ಓಡುತ್ತಿದ್ದ ಈ ವರ್ಷಗಳಲ್ಲೇ ಒಳನಾಡಿನ ಸೀಮೆಗಳು ಅರಮನೆಯ ಹೆಂಗಸರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಕಾಕತಾಳೀಯವಲ್ಲ. ನಂಬಲು ಬೇರೆ ಯಾರಿದ್ದರು? ದಂಡನಾಯಕ ಸ್ವತಂತ್ರನಾಗಬಹುದು, ದಾಯಾದಿ ಪಟ್ಟಕ್ಕೆ ಕಣ್ಣು ಹಾಕಬಹುದು. ಸೋದರತ್ತೆ ಪಟ್ಟ ಕೇಳುವುದಿಲ್ಲ. ಆಕೆಗೆ ಅಧಿಕಾರ ತಂದದ್ದೂ ಅದೇ, ಅದಕ್ಕೆ ಮಿತಿ ಹಾಕಿದ್ದೂ ಅದೇ.

ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷದ ಆಳಿಕೆಯಲ್ಲಿ ಈ ಪದ್ಧತಿ ಇನ್ನೂ ಹರಡಿತು. ಆತನ ರಾಣಿ ಲಕ್ಷ್ಮಾದೇವಿ 1095ರಲ್ಲಿ ಹದಿನೆಂಟು ಅಗ್ರಹಾರಗಳನ್ನೂ ಧರ್ಮಪುರವನ್ನೂ, ಎಂದರೆ ಇಂದಿನ ಡಂಬಳವನ್ನೂ, ಆಳುತ್ತಿದ್ದಳು. ಬೌದ್ಧ ವಿಹಾರವೊಂದು ಆಗಲೂ ಅಲ್ಲಿ ದತ್ತಿ ಪಡೆಯುತ್ತಿತ್ತು. ಆತನ ಇನ್ನೊಬ್ಬ ರಾಣಿ, ಕರಹಾಡದ ಶಿಲಾಹಾರ ರಾಜಕುಮಾರಿ ಚಂದಲದೇವಿ, ಬಿಲ್ಹಣನ ಕಾವ್ಯದ ನಾಯಕಿಯಾದಳು. ಚಂದಲದೇವಿಯ ಚೆಲುವು ಎಲ್ಲರಿಗೂ ಗೊತ್ತು, ಲಕ್ಷ್ಮಾದೇವಿಯ ಆಡಳಿತ ಯಾರಿಗೂ ಗೊತ್ತಿಲ್ಲ. ಅಕ್ಕಾದೇವಿಗಂತೂ ಬಿಲ್ಹಣನಂಥ ಕವಿಯೇ ಸಿಗಲಿಲ್ಲ.

ಕಲ್ಯಾಣದ ಸಾಮ್ರಾಜ್ಯ ಹನ್ನೆರಡನೆಯ ಶತಮಾನದ ಕೊನೆಗೆ ಚೂರಾಯಿತು. ಸೇವುಣರು, ವಿಜಯನಗರ, ಆದಿಲಶಾಹಿ, ಪೇಶ್ವೆಗಳು ಈ ಸೀಮೆಯ ಮೇಲೆ ಹಾದುಹೋದರು. ದೇಸಗತಿಗಳ ಕಾಲದಲ್ಲೂ ವಾಡೆಯ ಹೆಂಗಸರು ಕಾರಭಾರ ನೋಡಿಕೊಳ್ಳುವುದು ಅಪರೂಪವಾಗಿರಲಿಲ್ಲ. ಅದನ್ನು ಒಪ್ಪದ ಆಳ್ವಿಕೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯೊಂದಿಗೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಆತ ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ದತ್ತಕಕ್ಕೆ ಹಕ್ಕಿಲ್ಲವೆಂಬ, ಡಾಲ್‌ಹೌಸಿಯ ಹೆಸರಿಗೆ ಅಂಟಿದ ನೀತಿಗೆ ಎರಡು ದಶಕಕ್ಕೂ ಹೆಚ್ಚು ಮೊದಲಿನ ಮಾತು ಇದು. ಖಜಾನೆಗೆ ಮುದ್ರೆ ಬಿತ್ತು. ಮಲ್ಲಸರ್ಜನ ವಿಧವೆ ಚೆನ್ನಮ್ಮ ಸಂಸ್ಥಾನದ ಪರವಾಗಿ ಬರೆದ ಪತ್ರಗಳಿಗೆ ಕಂಪನಿಯ ಕಾನೂನಿನಲ್ಲಿ ಬೆಲೆ ಇರಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಹೊರಬಿದ್ದ ಕಿತ್ತೂರ ಪಡೆಯ ಗುಂಡಿಗೆ ಥ್ಯಾಕರೆ ಸತ್ತ. ಅವನ ಇಬ್ಬರು ಸಹಾಯಕರು, ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್, ಸೆರೆಯಾದರು. ಚೆನ್ನಮ್ಮ ಅವರಿಗೆ ಕೇಡು ಮಾಡದೆ ಇರಿಸಿಕೊಂಡು ಆಮೇಲೆ ಬಿಟ್ಟಳು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಪಡೆ ಬಂದು ಕೋಟೆ ಬಿತ್ತು. ಆಕೆ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಬಿಡುಗಡೆಯಾದ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಆತ ಈ ಸೀಮೆಯಲ್ಲೇ ಕೆಲಸ ಮುಂದುವರಿಸಿದ, ಕನ್ನಡ ಕಲಿತ, ಊರೂರಿನ ಗುಡಿಗಳಲ್ಲಿ ಬಿದ್ದಿದ್ದ ಕಲ್ಲುಗಳ ಬರಹವನ್ನು ಸ್ಥಳೀಯರಿಂದ ನಕಲು ಮಾಡಿಸಿದ. ಆರುನೂರರ ಹತ್ತಿರ ಶಾಸನಗಳ ಸಂಗ್ರಹವಾಯಿತು. ಚಾಳುಕ್ಯರ ವಂಶಾವಳಿಯನ್ನು ಶಾಸನಗಳ ಆಧಾರದಿಂದ ಜೋಡಿಸಿದ ಆತನ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಫ್ಲೀಟ್ ಮುಂದೆ 1882ರಲ್ಲಿ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಇತಿಹಾಸ ಬರೆದಾಗ ಆ ಸಂಗ್ರಹವನ್ನು ಬಳಸಿಕೊಂಡ. ಅಕ್ಕಾದೇವಿಗೆ ಆಧುನಿಕ ಇತಿಹಾಸದಲ್ಲಿ ಮೊದಲ ಜಾಗ ಸಿಕ್ಕಿದ್ದು ಫ್ಲೀಟ್‌ನಂಥವರ ಈ ಬರಹಗಳಲ್ಲಿ.